ಯಾವ ಹಿಚ್ ಎನ್ನುವ ಮೊದಲು, ಮೂಕಿಯ ಮೇಲೆ ಎಷ್ಟು ಭಾರ?

ಪ್ರಶ್ನೆ: ನಮ್ಮದು ತುದಿಯಿಂದ ತುದಿಗೆ 28 ಅಡಿ ಉದ್ದದ ಟ್ರಾವೆಲ್ ಟ್ರೇಲರ್. ಕೈಪಿಡಿಯಲ್ಲಿ ಖಾಲಿ ತೂಕ 5,400 ಪೌಂಡ್, ಗರಿಷ್ಠ ತೂಕ 7,000 ಪೌಂಡ್, ಟಂಗ್ ವೇಯ್ಟ್ (ಟ್ರೇಲರ್‌ನ ಮೂಕಿ ಹಿಚ್‌ನ ಮೇಲೆ ಹಾಕುವ ಭಾರ) 590 ಪೌಂಡ್ ಎಂದಿದೆ. ಎಳೆಯುವುದು ಹಾಫ್-ಟನ್ ಪಿಕಪ್. ಅದರ ಎಳೆಯುವ ಸಾಮರ್ಥ್ಯ 9,300 ಪೌಂಡ್, ಹಾಗಾಗಿ ಸಾದಾ ಬಾಲ್ ಮೌಂಟ್ (ಟ್ರೇಲರ್ ಕೂರುವ ಗುಂಡಿರುವ ಸರಳ ಹಿಚ್) ಸಾಕು ಅಂದರು. ಮೊದಲ ಪ್ರಯಾಣದಲ್ಲೇ ಪಿಕಪ್‌ನ ಹಿಂಭಾಗ ಕುಸಿದು ಕೂತಿತು, ಸ್ಟೀರಿಂಗ್ ಹಗುರಾಯಿತು, ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಟ್ರೇಲರ್ ಬಾಲ ಬೀಸಿತು. ನಾವು ನಾಲ್ಕು ಜನ. ಸೈಕಲ್‌ಗಳು ಟ್ರೇಲರ್‌ನ ಹಿಂದಿನ ರ‍್ಯಾಕ್‌ನಲ್ಲಿದ್ದವು, ಜನರೇಟರ್, ಸೌದೆ ಪಿಕಪ್‌ನ ಬೆಡ್‌ನಲ್ಲಿ. ಒಬ್ಬರು ಹಿಂದಿನ ಆಕ್ಸಲ್‌ಗೆ ಏರ್‌ಬ್ಯಾಗ್ (ಸ್ಪ್ರಿಂಗ್‌ಗೆ ನೆರವಾಗುವ ಗಾಳಿಚೀಲ) ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಇರುವುದರಲ್ಲೇ ದುಬಾರಿ ಹಿಚ್ ತೆಗೆದುಕೊಳ್ಳಿ ಅನ್ನುತ್ತಾರೆ. ಎರಡು ಸ್ಟಿಕರ್‌ಗಳ ಫೋಟೊ ಲಗತ್ತಿಸಿದ್ದೇನೆ. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನೀವೇ ಕಳಿಸಿದ ಎರಡನೇ ಫೋಟೊದಲ್ಲಿದೆ. ರಿಸೀವರ್‌ನ, ಅಂದರೆ ಪಿಕಪ್‌ನ ಹಿಂದೆ ಹಿಚ್ ತೂರಿಸುವ ಚೌಕ ಕೊಳವೆಯ, ಕೆಳಗೆ ಅಂಟಿಸಿದ ಆ ಸ್ಟಿಕರ್‌ನಲ್ಲಿ ಎರಡು ಸಾಲುಗಳಿವೆ. ಭಾರ ಹಂಚುವ ಹಿಚ್ ಇಲ್ಲದೆ ಎಳೆದರೆ ಟ್ರೇಲರ್ 5,000 ಪೌಂಡ್, ಮೂಕಿಯ ಭಾರ 500 ಪೌಂಡ್. ಭಾರ ಹಂಚುವ ಹಿಚ್ ಹಾಕಿದರೆ 9,300 ಮತ್ತು 930. ಅಂದರೆ ನಿಮಗೆ ಹೇಳಿದ 9,300 ಎಂಬ ಅಂಕಿ ಎರಡನೇ ಸಾಲಿಗೆ ಸೇರಿದ್ದು. ಸಾದಾ ಬಾಲ್ ಮೌಂಟ್‌ನಲ್ಲಿ ನಿಮ್ಮ ಟ್ರೇಲರ್ ಖಾಲಿ ಇದ್ದಾಗಲೇ ಆ ರಿಸೀವರ್‌ನ ಮಿತಿ ದಾಟಿದೆ. ದಯವಿಟ್ಟು ಈ ಜೋಡಣೆಯಲ್ಲಿ ಇನ್ನೊಂದು ಪ್ರಯಾಣ ಹೊರಡಬೇಡಿ. ಮಕ್ಕಳನ್ನು ಕೂರಿಸಿಕೊಂಡಂತೂ ಬೇಡವೇ ಬೇಡ.

ಟಂಗ್ ವೇಯ್ಟ್ ಅನ್ನು ನಾನು ಮೂಕಿಯ ಭಾರ ಅನ್ನುತ್ತೇನೆ, ಆ ಪದದಲ್ಲಿ ವಿಷಯ ಬೇಗ ಹೊಳೆಯುತ್ತದೆ. ಗಾಡಿಯಲ್ಲಿ ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎಳೆಯುವವರ ಕತ್ತಿನ ಮೇಲೆ ಕೂರುತ್ತದೆ. ಟ್ರಾವೆಲ್ ಟ್ರೇಲರ್‌ನಲ್ಲೂ ಅದೇ. ತುಂಬಿದ ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಶೇಕಡಾದಷ್ಟು ಬಾಲ್‌ನ ಮೇಲೆ ಕೂರಬೇಕು. 12–13 ಇದ್ದರೆ ನನಗೆ ಸಮಾಧಾನ.

ಕೈಪಿಡಿಯ 590 ಅನ್ನು ಮರೆತುಬಿಡಿ. ಅದು ಖಾಲಿ ಟ್ರೇಲರ್‌ನ ಲೆಕ್ಕ, ಸಾಮಾನ್ಯವಾಗಿ ಬ್ಯಾಟರಿಯಾಗಲಿ ತುಂಬಿದ ಗ್ಯಾಸ್ ಆಗಲಿ ಅದರಲ್ಲಿ ಸೇರಿರುವುದಿಲ್ಲ. ಇವೆರಡೂ ಕೂರುವುದು ಮೂಕಿಯ ಮೇಲೆಯೇ. 20 ಪೌಂಡ್ ಗ್ಯಾಸ್ ಹಿಡಿಯುವ ಸಿಲಿಂಡರ್ ತುಂಬಿದಾಗ ಸುಮಾರು 37 ಪೌಂಡ್ ತೂಗುತ್ತದೆ. ಎರಡು ಸಿಲಿಂಡರ್, ಒಂದು ಬ್ಯಾಟರಿ ಅಂದರೆ 130 ಪೌಂಡ್ ಹತ್ತಿರ. ಜೊತೆಗೆ ಮುಂಭಾಗದ ಮಂಚದ ಕೆಳಗೆ ನೀವು ತುರುಕುವ ಸಾಮಾನು. ಪಾತ್ರೆ, ಬಟ್ಟೆ, ನೀರು ಎಲ್ಲ ಸೇರಿ ನಿಮ್ಮ ಟ್ರೇಲರ್ ರಸ್ತೆಯಲ್ಲಿ 6,500 ಪೌಂಡ್ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಅದರ 13 ಶೇಕಡಾ ಅಂದರೆ ಸುಮಾರು 850 ಪೌಂಡ್, ಕಿಲೋ ಲೆಕ್ಕದಲ್ಲಿ 385. ಈಗ ಈ 850 ನಿಮ್ಮ ಪಿಕಪ್‌ಗೆ ಏನು ಮಾಡುತ್ತದೆ ನೋಡಿ.

ಬಾಲ್ ಇರುವುದು ಹಿಂದಿನ ಆಕ್ಸಲ್‌ಗಿಂತ ಸುಮಾರು 60 ಇಂಚು ಹಿಂದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 145 ಇಂಚು. ಹಿಂದಿನ ಆಕ್ಸಲನ್ನು ಆನಿಕೆಯಾಗಿ ಇಟ್ಟುಕೊಂಡರೆ ಇಡೀ ಪಿಕಪ್ ಒಂದು ಸನ್ನೆಗೋಲು. ಬಾಲ ಅದುಮಿದರೆ ಮೂತಿ ಏಳುತ್ತದೆ. 850 ಅನ್ನು 60ರಿಂದ ಗುಣಿಸಿ 145ರಿಂದ ಭಾಗಿಸಿ: ಮುಂದಿನ ಚಕ್ರಗಳು ಸುಮಾರು 350 ಪೌಂಡ್ ಭಾರ ಕಳೆದುಕೊಳ್ಳುತ್ತವೆ. ಆ 350 ಎಲ್ಲೂ ಮಾಯವಾಗುವುದಿಲ್ಲ, ಹಿಂದಿನ ಆಕ್ಸಲ್‌ಗೆ ಹೋಗುತ್ತದೆ. ಹಾಗಾಗಿ ಹಿಂದಿನ ಆಕ್ಸಲ್ ಹೊರುವ ಹೆಚ್ಚುವರಿ ಭಾರ 850 ಅಲ್ಲ, 1,200. ತಿರುಗಿಸುವ ಚಕ್ರ, ಬ್ರೇಕ್ ಹಿಡಿದಾಗ ಹೆಚ್ಚು ಕೆಲಸ ಮಾಡುವ ಚಕ್ರ, ಎರಡೂ ಮುಂದಿನವೇ. ನಿಮಗೆ ಸ್ಟೀರಿಂಗ್ ಹಗುರಾಯಿತು ಅನ್ನಿಸಿದ್ದು ಭ್ರಮೆಯಲ್ಲ.

ಏರ್‌ಬ್ಯಾಗ್ ವಿಚಾರದಲ್ಲಿ ಬಹಳ ಜನ ಎಡವುವುದು ಇಲ್ಲೇ. ಏರ್‌ಬ್ಯಾಗ್ ಹಿಂಭಾಗವನ್ನು ಎತ್ತುತ್ತದೆ, ಪಿಕಪ್ ಕಣ್ಣಿಗೆ ಮಟ್ಟವಾಗಿ ಕಾಣುತ್ತದೆ. ಆದರೆ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದರೆ ಮುಂದಿನ ಆಕ್ಸಲ್‌ನಲ್ಲಿ ಅದೇ 350 ಕಡಿಮೆ, ಹಿಂದಿನದರಲ್ಲಿ ಅದೇ 1,200 ಹೆಚ್ಚು. ಮಟ್ಟ ಬೇರೆ, ಭಾರ ಬೇರೆ. ಏರ್‌ಬ್ಯಾಗ್‌ಗೂ ಅದರದ್ದೇ ಆದ ಉಪಯೋಗವಿದೆ, ಬೆಡ್‌ನಲ್ಲಿ ಹೆಚ್ಚು ಸಾಮಾನು ಹೇರುವವರಿಗೆ. ನಿಮ್ಮ ತೊಂದರೆಗೆ ಅದು ಮದ್ದಲ್ಲ. ಕುಸಿತವನ್ನು ಮುಚ್ಚಿಟ್ಟು, ಎಲ್ಲ ಸರಿಯಿದೆ ಎಂಬ ನಂಬಿಕೆ ಕೊಡುವುದರಿಂದ ಅಪಾಯವೇ ಹೆಚ್ಚು.

ಭಾರ ಹಂಚುವ ಹಿಚ್ ಮಾಡುವ ಕೆಲಸವೇ ಬೇರೆ. ಹಿಚ್‌ನ ತಲೆಯಿಂದ ಎರಡು ಸ್ಪ್ರಿಂಗ್ ಬಾರ್‌ಗಳು ಹಿಂದಕ್ಕೆ, ಟ್ರೇಲರ್‌ನ ಚೌಕಟ್ಟಿನ ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಅವುಗಳ ತುದಿಯನ್ನು ಬಲವಾಗಿ ಮೇಲೆತ್ತಿ ಚೌಕಟ್ಟಿಗೆ ಕೂರಿಸುತ್ತಾರೆ. ಒಂಟಿ ಚಕ್ರದ ಕೈಗಾಡಿಯ ಹಿಡಿಗಳನ್ನು ಎತ್ತಿದರೆ ಭಾರ ಮುಂದಿನ ಚಕ್ರದ ಕಡೆ ಜಾರುತ್ತದಲ್ಲ, ಹಾಗೆಯೇ ಬಾಗಿದ ಬಾರ್‌ಗಳು ಪಿಕಪ್‌ನ ಮೂತಿಯನ್ನು ಕೆಳಗೆ ಒತ್ತುತ್ತವೆ. ನಿಮ್ಮ ಬಾಲ್‌ನಿಂದ ಟ್ರೇಲರ್‌ನ ಆಕ್ಸಲ್‌ಗಳ ನಡುವಿಗೆ 18 ಅಡಿ ಎಂದುಕೊಂಡರೆ ಲೆಕ್ಕ ಹೀಗೆ ಬರುತ್ತದೆ: ಮುಂದಿನ ಆಕ್ಸಲ್ ಕಳೆದುಕೊಂಡದ್ದರಲ್ಲಿ ಅರ್ಧ, ಅಂದರೆ 175 ಪೌಂಡ್ ವಾಪಸ್ ಬರುವಷ್ಟು ಬಾರ್ ಬಿಗಿದರೆ, ಸುಮಾರು 92 ಪೌಂಡ್ ಟ್ರೇಲರ್‌ನ ಆಕ್ಸಲ್‌ಗಳಿಗೆ ಹೋಗುತ್ತದೆ. ಪಿಕಪ್‌ನ ಹಿಂದಿನ ಆಕ್ಸಲ್ 265ಕ್ಕೂ ಹೆಚ್ಚು ಹಗುರವಾಗುತ್ತದೆ. 1,200 ಇದ್ದದ್ದು 935ರ ಆಸುಪಾಸಿಗೆ ಇಳಿಯುತ್ತದೆ.

ಅರ್ಧ ಯಾಕೆ, ಪೂರ್ತಿ ಯಾಕೆ ಬೇಡ ಎಂದು ಕೇಳಬಹುದು. ಹಿಂದೆ ಪೂರ್ತಿ ವಾಪಸ್ ತನ್ನಿ ಅನ್ನುತ್ತಿದ್ದರು, ಈಗಲೂ ಕೆಲವು ವಾಹನಗಳಿಗೆ ಹಾಗೆ ಬರೆದಿರುತ್ತದೆ. ಆದರೆ ಬಾರ್ ಅತಿಯಾಗಿ ಬಿಗಿದರೆ ಪಿಕಪ್‌ನ ಹಿಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ತಿರುವಿನಲ್ಲಿ ತುರ್ತಾಗಿ ಸ್ಟೀರಿಂಗ್ ಎಳೆದಾಗ ಹಿಂಭಾಗ ಹೊರಕ್ಕೆ ಜಾರುವ ಭಯವಿದೆ. ಅದಕ್ಕೇ ಇಂದಿನ ಹಲವು ಹಾಫ್-ಟನ್ ಪಿಕಪ್‌ಗಳ ಕೈಪಿಡಿಗಳು ಸುಮಾರು ಅರ್ಧದಷ್ಟು ವಾಪಸ್ ಬಂದರೆ ನಿಲ್ಲಿಸಿ ಅನ್ನುತ್ತವೆ. ನಿಮ್ಮ ಪಿಕಪ್‌ನ ಪುಸ್ತಕದಲ್ಲಿ ಟೋಯಿಂಗ್ ಅಧ್ಯಾಯ ತೆಗೆದು ನೋಡಿ. ಅಲ್ಲಿ ಏನಿದೆಯೋ ಅದೇ ನಡೆಯಲಿ, ನನ್ನ ಮಾತಲ್ಲ.

ಈಗ ಮೊದಲನೇ ಫೋಟೊ, ಚಾಲಕನ ಬಾಗಿಲ ಚೌಕಟ್ಟಿನ ಹಳದಿ ಸ್ಟಿಕರ್. ಜನ ಮತ್ತು ಸಾಮಾನು ಸೇರಿ 1,620 ಪೌಂಡ್ ಮೀರಬಾರದು ಎಂದಿದೆ. ಈ ಅಂಕಿಯನ್ನು ಯಾರೂ ಓದುವುದಿಲ್ಲ, ನನ್ನ ಕಳವಳವೇ ಅದು. ಎಳೆಯುವ ಸಾಮರ್ಥ್ಯದ 9,300 ಜಾಹೀರಾತಿನಲ್ಲಿರುತ್ತದೆ. ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇಯ ಜೆ2807 ಮಾನದಂಡದಂತೆ ಆ ಅಂಕಿ ತೆಗೆಯುವಾಗ ವಾಹನದಲ್ಲಿ ತಲಾ 150 ಪೌಂಡಿನ ಇಬ್ಬರನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನ, ಜನರೇಟರ್, ಸೌದೆ ಆ ಲೆಕ್ಕದಲ್ಲಿ ಇಲ್ಲ. ನಿಮ್ಮ ನಾಲ್ವರದ್ದು 560, ಬೆಡ್‌ನ ಸಾಮಾನು 180, ಹಿಚ್‌ನದೇ ತೂಕ 90, ಮೂಕಿಯ ಭಾರ 850. ಕೂಡಿದರೆ 1,680. ಅರವತ್ತು ಪೌಂಡ್ ಹೆಚ್ಚಾಯಿತು. ಹಿಚ್ ಬಿಗಿದ ಮೇಲೆ ಟ್ರೇಲರ್‌ಗೆ ಹೋಗುವ 92 ಕಳೆದರೆ ಮಿತಿಯೊಳಗೆ ಬರುತ್ತೀರಿ, ಆದರೆ ಕೂದಲೆಳೆಯಷ್ಟು. ಅದನ್ನು ನಂಬಿ ಹೊರಡುವುದು ಸರಿಯಲ್ಲ. ಸೌದೆಯನ್ನು ತಲುಪಿದ ಜಾಗದಲ್ಲೇ ಕೊಳ್ಳಿ, ಜನರೇಟರನ್ನು ಪೆಟ್ರೋಲ್ ಪೂರ್ತಿ ಬರಿದುಮಾಡಿ, ಕಿಟಕಿ ತೆರೆದ ಟ್ರೇಲರ್‌ನಲ್ಲಿ ಆಕ್ಸಲ್‌ನ ನೇರಕ್ಕೆ ಇಡಿ, ಇಲ್ಲವೇ ಮನೆಯಲ್ಲೇ ಬಿಡಿ. ಯಾವ ಹಿಚ್ಚೂ, ಎಷ್ಟೇ ದುಬಾರಿಯಾಗಿರಲಿ, ಆ 1,620 ಅನ್ನು 1,700 ಮಾಡಿಕೊಡುವುದಿಲ್ಲ.

ಇನ್ನು ಬಾಲ ಬೀಸುವ ವಿಷಯ. ಇದನ್ನು ಸ್ವೇ ಅನ್ನುತ್ತಾರೆ, ಮತ್ತು ಹಿಚ್ ಮಾರುವವರು ಹೆಚ್ಚು ಮಾತಾಡುವುದೂ ಇದರ ಬಗ್ಗೆಯೇ. ಹಿಚ್‌ನ ಸ್ವೇ ಕಂಟ್ರೋಲ್ ಎರಡನೇ ಕಾವಲು. ಮೊದಲನೆಯದು ನೀವು ಸಾಮಾನು ಜೋಡಿಸುವ ಬಗೆ. ನಿಮ್ಮ ಸೈಕಲ್ ರ‍್ಯಾಕ್ ನೋಡಿ. ರ‍್ಯಾಕ್ ಮತ್ತು ನಾಲ್ಕು ಸೈಕಲ್ ಸೇರಿ 150 ಪೌಂಡ್ ಇರಬಹುದು, ಆಕ್ಸಲ್‌ನಿಂದ 12 ಅಡಿ ಹಿಂದೆ. 150ನ್ನು 12ರಿಂದ ಗುಣಿಸಿ 18ರಿಂದ ಭಾಗಿಸಿದರೆ 100. ಅಂದರೆ ಆ ರ‍್ಯಾಕ್ ಒಂದೇ ಮೂಕಿಯಿಂದ 100 ಪೌಂಡ್ ಕಿತ್ತುಕೊಂಡಿದೆ. ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿದ್ದು, 40 ಗ್ಯಾಲನ್ ತುಂಬಿದ್ದರೆ ಅದೂ 330 ಪೌಂಡ್ ಮೀರಿ ತೂಗುತ್ತದೆ, ಅದೂ ಮೂಕಿಯನ್ನು ಎತ್ತುತ್ತದೆ. ಹೀಗೆ ಒಂದೊಂದಾಗಿ ಕಳೆದು 13 ಶೇಕಡಾ ಇರಬೇಕಾದದ್ದು 10ಕ್ಕೋ ಅದಕ್ಕೂ ಕೆಳಕ್ಕೋ ಇಳಿದಿದ್ದರೆ ನನಗೆ ಆಶ್ಚರ್ಯವಿಲ್ಲ. ಇನ್ನೊಂದು: ಭಾರ ತುದಿಗಳಲ್ಲಿದ್ದಷ್ಟೂ ಒಮ್ಮೆ ಶುರುವಾದ ತೂಗಾಟ ನಿಲ್ಲುವುದು ಕಷ್ಟ. ಮುಂದೆ ಇನ್ನಷ್ಟು ತುಂಬಿ ತೂಕ ಸರಿದೂಗಿಸಿದರೆ ಸಾಲದು. ಹಿಂದಿನ ತುದಿಯ ಭಾರವನ್ನೇ ಇಳಿಸಬೇಕು. ಸೈಕಲ್‌ಗಳನ್ನು ಟ್ರೇಲರ್‌ನ ಒಳಗೆ ನಡುಭಾಗದಲ್ಲಿ ಕಟ್ಟಿ ಮಲಗಿಸಿ. ತೊಂದರೆಯೇ, ಹೌದು. ಆದರೂ ಮಾಡಿ. ಹಲವು ಟ್ರೇಲರ್‌ಗಳ ಹಿಂದಿನ ಬಂಪರ್ ಅಂಥ ರ‍್ಯಾಕ್ ಹೊರಲು ಮಾಡಿದ್ದೂ ಅಲ್ಲ.

ಟೈರ್ ಗಾಳಿ, ವೇಗ ಇವೂ ಕಾರಣಗಳೇ. ಟ್ರೇಲರ್ ಟೈರ್‌ಗಳಿಗೆ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿ, ತಣ್ಣಗಿರುವಾಗ. ವೇಗ ಗಂಟೆಗೆ 60 ಮೈಲಿಯೊಳಗೆ.

ಹಾಗಾದರೆ ಯಾವ ಹಿಚ್? ಮಾರುಕಟ್ಟೆಯಲ್ಲಿ ಮುಖ್ಯವಾಗಿ ಐದು ಬಗೆ. ಸರಪಳಿಗೆ ತೂಗುಹಾಕಿದ ಸ್ಪ್ರಿಂಗ್ ಬಾರ್‌ಗಳು, ಜೊತೆಗೆ ಒಂದು ಪ್ರತ್ಯೇಕ ಫ್ರಿಕ್ಷನ್ ಸ್ವೇ ಬಾರ್: ಇದು ಅಗ್ಗ, ಚಿಕ್ಕ ಟ್ರೇಲರ್‌ಗೆ ಸಾಕು. ಆದರೆ ರಿವರ್ಸ್ ತೆಗೆಯುವ ಮೊದಲು ಆ ಸ್ವೇ ಬಾರ್ ಬಿಚ್ಚಬೇಕು, ಜಾರುವ ರಸ್ತೆಯಲ್ಲಿ ಸಡಿಲಿಸಬೇಕು. ಮಳೆಯಲ್ಲಿ ಇಳಿದು ಸ್ಕ್ರೂ ತಿರುಗಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ನಿಮಗೂ ಬರುವುದಿಲ್ಲ. 28 ಅಡಿಗೆ ನಾನು ಇದನ್ನು ಹೇಳುವುದಿಲ್ಲ.

ಎರಡನೆಯದು, ಬಾರ್‌ಗಳು ಗಟ್ಟಿ ಬ್ರ್ಯಾಕೆಟ್‌ಗಳ ಮೇಲೆ ಒತ್ತಿಕೊಂಡು ಜಾರುವ ಬಗೆ. ಈಕ್ವಲೈಜರ್ ಇದಕ್ಕೆ ಹೆಸರಾದದ್ದು. ಟ್ರೇಲರ್ ಪಕ್ಕಕ್ಕೆ ತಿರುಗಲು ಹೊರಟರೆ ಬ್ರ್ಯಾಕೆಟ್‌ಗಳ ಮೇಲೆ, ಹಿಚ್ ತಲೆಯಲ್ಲಿ, ಎರಡೂ ಕಡೆ ಘರ್ಷಣೆ ತಡೆಯುತ್ತದೆ. ಭಾರ ಹಂಚುವ ಬಾರ್‌ಗಳೇ ಸ್ವೇಯನ್ನೂ ಹಿಡಿಯುತ್ತವೆ. ರಿವರ್ಸ್‌ಗೆ ಏನೂ ಬಿಚ್ಚಬೇಕಿಲ್ಲ. ತಿರುವಿನಲ್ಲಿ ಕಿರ್ರೆಂದು ಸದ್ದು ಮಾಡುತ್ತದೆ, ಅದು ರೋಗವಲ್ಲ. ಮೂರನೆಯದು ರೀಸ್‌ನ ಡ್ಯುಯಲ್ ಕ್ಯಾಮ್ ತರದ್ದು: ಬಾರ್‌ನ ತುದಿ ಒಂದು ಗುಳಿಯಲ್ಲಿ ಕೂತು ಟ್ರೇಲರನ್ನು ನೇರಕ್ಕೆ ಎಳೆದು ಹಿಡಿಯುತ್ತದೆ. ಸರಿಯಾಗಿ ಹೊಂದಿಸಿದರೆ ಬಹಳ ಒಳ್ಳೆಯದು. ಹೊಂದಿಸುವುದಕ್ಕೆ ತಾಳ್ಮೆ ಬೇಕು. ನಾಲ್ಕನೆಯದು ಆಂಡರ್ಸನ್: ಸ್ಪ್ರಿಂಗ್ ಬಾರ್ ಬದಲು ಸರಪಳಿ ಮತ್ತು ಯುರೆಥೇನ್ ಬುಶ್. ಹಗುರ, ಸದ್ದಿಲ್ಲ, ಕೈಗೆ ಗ್ರೀಸ್ ಹತ್ತುವುದಿಲ್ಲ. ಆದರೆ ಮೂಕಿಯ ಭಾರ ಹೆಚ್ಚಿದ್ದಾಗ ಮುಂದಿನ ಆಕ್ಸಲ್‌ಗೆ ಭಾರ ವಾಪಸ್ ತರುವುದರಲ್ಲಿ ಉಕ್ಕಿನ ಬಾರ್‌ಗಳೇ ಮೇಲು ಎಂಬುದು ನನ್ನ ಅನುಭವ. ಕೊನೆಯದಾಗಿ ಹೆನ್ಸ್ಲಿ, ಪ್ರೊಪ್ರೈಡ್. ಇವುಗಳ ತತ್ವವೇ ಬೇರೆ: ಕೊಂಡಿಗಳ ಜೋಡಣೆಯಿಂದ ಟ್ರೇಲರ್ ತಿರುಗುವ ಬಿಂದು ಬಾಲ್‌ನಲ್ಲಿರದೆ ಪಿಕಪ್‌ನ ಹಿಂದಿನ ಆಕ್ಸಲ್‌ನ ಹತ್ತಿರ ಇರುವಂತೆ ವರ್ತಿಸುತ್ತದೆ. ಗಾಳಿ ತಳ್ಳಿದರೆ ಟ್ರೇಲರ್‌ಗೆ ಪಿಕಪ್‌ನ ಬಾಲ ಎಳೆದಾಡಲು ಸನ್ನೆಯೇ ಸಿಗುವುದಿಲ್ಲ. 30 ಅಡಿ ಮೀರಿದ ಟ್ರೇಲರನ್ನು ಗಿಡ್ಡ ಎಸ್‌ಯುವಿಯಲ್ಲಿ ಎಳೆಯುವವರಿಗೆ ಈ ಖರ್ಚು ತೂಗುತ್ತದೆ. ನಿಮಗೆ ಬೇಡ. ಹಿಚ್‌ನದೇ ಭಾರ ಹೆಚ್ಚು, ಮತ್ತು ಅದು ನಿಮ್ಮ ಆ 1,620ರಲ್ಲೇ ಕಳೆಯುತ್ತದೆ.

ನಿಮಗೆ ನನ್ನ ಶಿಫಾರಸು ಎರಡನೇ ಬಗೆ, 1,000 ಪೌಂಡ್ ಬಾರ್‌ಗಳೊಂದಿಗೆ. 850ಕ್ಕೆ 1,000 ಯಾಕೆಂದರೆ ಪಿಕಪ್‌ನ ಬೆಡ್‌ನಲ್ಲಿ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಡುವ ಸಾಮಾನನ್ನೂ ಈ ಬಾರ್‌ಗಳೇ ಎತ್ತಬೇಕು. ಇರಲಿ ಅಂತ 1,400 ತೆಗೆದುಕೊಳ್ಳಬೇಡಿ. ಅಷ್ಟು ಗಡುಸಾದ ಬಾರ್ ರಸ್ತೆಯ ಪ್ರತಿ ಉಬ್ಬನ್ನೂ ಟ್ರೇಲರ್‌ನ ಚೌಕಟ್ಟಿಗೆ ದಾಟಿಸುತ್ತದೆ. ಬಾಲ್‌ನ ಅಳತೆ ಕಪ್ಲರ್‌ನ, ಅಂದರೆ ಮೂಕಿಯ ತುದಿಯಲ್ಲಿ ಬಾಲ್ ಹಿಡಿಯುವ ಟೊಪ್ಪಿಯ, ಮೇಲೆ ಒತ್ತಿರುತ್ತದೆ, ಈ ತೂಕದ ಟ್ರೇಲರ್‌ಗಳಲ್ಲಿ ಹೆಚ್ಚಾಗಿ 2 5/16 ಇಂಚು. 2 ಇಂಚಿನ ಬಾಲ್ ಅದರೊಳಗೆ ಕೂತಂತೆ ಕಂಡರೂ ಗುಂಡಿಯಲ್ಲಿ ಎಗರಿ ಬರಬಹುದು, ಊಹಿಸಬೇಡಿ, ಓದಿ. ಬಾಲ್‌ನ ನಟ್ ಬಿಗಿಯಲು ಹಲವು ಹಿಚ್‌ಗಳಿಗೆ 400 ಅಡಿ-ಪೌಂಡ್‌ಗಿಂತ ಹೆಚ್ಚು ಟಾರ್ಕ್ ಬೇಕು, ಮನೆಯ ಸ್ಪ್ಯಾನರ್‌ನಲ್ಲಿ ಅದು ಆಗದ ಕೆಲಸ.

ಹಿಚ್ ಕೊಳ್ಳುವುದಕ್ಕಿಂತ ಹೊಂದಿಸುವುದು ದೊಡ್ಡದು. ನನ್ನ ಮೊದಲ ಟ್ರೇಲರ್‌ಗೆ ಒಳ್ಳೆಯ ಹಿಚ್ಚನ್ನೇ ಕೊಂಡಿದ್ದೆ. ಜೋಡಿಸಿಕೊಟ್ಟವರು ಖಾಲಿ ಟ್ರೇಲರ್, ಖಾಲಿ ಪಿಕಪ್ ಇಟ್ಟುಕೊಂಡು ಕಣ್ಣಳತೆಯಲ್ಲಿ ಬಿಗಿದರು, ಟೇಪ್ ಹೊರಗೆ ತೆಗೆಯಲೇ ಇಲ್ಲ. ಸಾಮಾನು ತುಂಬಿ ಹೊರಟ ದಿನ ಎದುರುಗಾಳಿಯಲ್ಲಿ ಸ್ಟೀರಿಂಗ್ ಎರಡು ಬೆರಳಿಗೆ ತಿರುಗುವಷ್ಟು ಸಡಿಲವಾಗಿತ್ತು. ಅಂಗೈ ಬೆವರುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋಗಿದ್ದಳು. ಮೊದಲು ಸಿಕ್ಕ ಬಯಲಲ್ಲಿ ನಿಲ್ಲಿಸಿ ಅಳೆದೆ: ಮುಂದಿನ ಚಕ್ರದ ಮೇಲಿನ ಕಮಾನು ಒಂದೂಕಾಲು ಇಂಚು ಮೇಲೆದ್ದಿತ್ತು. ಅವತ್ತಿನಿಂದ ಟೇಪ್ ನನ್ನ ಡ್ಯಾಶ್‌ಬೋರ್ಡ್‌ನಲ್ಲೇ ಇದೆ.

ನೀವು ಹೀಗೆ ಮಾಡಿ. ಪ್ರಯಾಣಕ್ಕೆ ಹೊರಡುವಷ್ಟೇ ತುಂಬಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಟ್ರೇಲರ್ ಬಿಚ್ಚಿರುವಾಗ ಮುಂದಿನ ಚಕ್ರದ ನಡುವಿನ ನೇರದಲ್ಲಿ ನೆಲದಿಂದ ಕಮಾನಿನ ಅಂಚಿಗೆ ಅಳೆಯಿರಿ, ಉದಾಹರಣೆಗೆ 38 ಇಂಚು. ಬಾರ್ ಹಾಕದೆ ಟ್ರೇಲರ್ ಕೂರಿಸಿ ಮತ್ತೆ ಅಳೆದರೆ 39 ಬಂತು ಅನ್ನಿ. ಬಾರ್ ಬಿಗಿದ ಮೇಲೆ 38 ಮುಕ್ಕಾಲು ಬಂದರೆ ಸಾಲದು, 38 ಬಂದರೆ ಅರ್ಧದ ನಿಯಮಕ್ಕೆ ಹೆಚ್ಚಾಯಿತು, 38 ಅರೆ ನಿಮ್ಮ ಗುರಿ. ಸಾಲದಿದ್ದರೆ ಹಿಚ್ ತಲೆಯನ್ನು ಇನ್ನಷ್ಟು ಹಿಂದಕ್ಕೆ ಬಾಗಿಸುವ ವಾಷರ್ ಸೇರಿಸಿ, ಅಥವಾ ಬ್ರ್ಯಾಕೆಟ್ ಒಂದು ತೂತು ಮೇಲಕ್ಕೆ. ಕೊನೆಗೆ ಟ್ರೇಲರ್ ಮಟ್ಟವಾಗಿರಬೇಕು, ಇಲ್ಲವೇ ಮೂತಿ ಒಂದಿಷ್ಟು ಕೆಳಗೆ. ಮೂತಿ ಮೇಲಿದ್ದರೆ ಶ್ಯಾಂಕ್‌ನಲ್ಲಿ (ರಿಸೀವರ್‌ಗೆ ತೂರುವ ಹಿಚ್‌ನ ಉಕ್ಕಿನ ತುಂಡು) ಬಾಲ್‌ನ ಎತ್ತರ ಇಳಿಸಿ.

ಬಾರ್‌ಗಳನ್ನು ಕೂರಿಸುವಾಗ ಲಿವರ್‌ನಲ್ಲಿ ಗುದ್ದಾಡಬೇಡಿ. ಕಪ್ಲರ್ ಬಾಲ್ ಮೇಲೆ ಕೂತು, ಲ್ಯಾಚ್ ಮುಚ್ಚಿ, ಪಿನ್ ಹಾಕಿದ ಮೇಲೆ ಟ್ರೇಲರ್‌ನ ಜ್ಯಾಕ್‌ನಿಂದಲೇ ಮೂಕಿಯನ್ನು ಮೇಲೆತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಏಳುತ್ತದೆ. ಏಳೆಂಟು ಇಂಚು ಎತ್ತುವಷ್ಟರಲ್ಲಿ ಬಾರ್‌ಗಳು ಅಂಗೈಯಲ್ಲಿ ಎತ್ತಿ ಬ್ರ್ಯಾಕೆಟ್ ಮೇಲೆ ಇಡುವಷ್ಟು ಸಲೀಸಾಗುತ್ತವೆ. ಬಿಗಿದ ಬಾರ್ ಜಾರಿ ಲಿವರ್ ತಿರುಗಿ ಬಡಿದರೆ ಮುಂಗೈ ಮುರಿಯುತ್ತದೆ. ಆ ಸಮಯದಲ್ಲಿ ಮುಖ ಅದರ ಮೇಲೆ ಬಾಗಿರಬಾರದು.

ಸೇಫ್ಟಿ ಚೈನ್‌ಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರಕ್ಕೆ ದಾಟಿಸಿ ಹಾಕಿ, ಕಪ್ಲರ್ ಕಳಚಿದರೆ ಆ ತೊಟ್ಟಿಲಲ್ಲಿ ಬೀಳಬೇಕು. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ತಂತಿಯನ್ನು ಚೈನ್‌ಗೆ ಸಿಕ್ಕಿಸಬೇಡಿ, ಬೇರೆ ಕಡೆ. ಪಿಕಪ್‌ನಿಂದ ಟ್ರೇಲರ್‌ನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರ್ ಇಲ್ಲದೆ ಈ ಟ್ರೇಲರ್ ಎಳೆಯುವ ಮಾತೇ ಇಲ್ಲ. ವೇಗ ಇಳಿದಷ್ಟೇ ಬಲದಲ್ಲಿ ಟ್ರೇಲರ್ ಬ್ರೇಕ್ ಒತ್ತುವ ಪ್ರೊಪೋರ್ಷನಲ್ ಬಗೆಯದ್ದೇ ಇರಲಿ. ಅದರ ಕೈಲಿವರ್ ಎಲ್ಲಿದೆ ಎಂದು ಕಣ್ಣು ಮುಚ್ಚಿ ಮುಟ್ಟುವಷ್ಟು ಅಭ್ಯಾಸ ಮಾಡಿ. ಟ್ರೇಲರ್ ಬೀಸಲು ಶುರುವಾದರೆ ಪಿಕಪ್‌ನ ಬ್ರೇಕ್ ತುಳಿಯಬಾರದು, ಸ್ಟೀರಿಂಗ್‌ನಲ್ಲಿ ಎದುರು ತಿರುಗಿಸುತ್ತ ಬೆನ್ನಟ್ಟಲೂಬಾರದು. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಆ ಲಿವರನ್ನು ಒತ್ತಿ. ಟ್ರೇಲರ್ ಹಿಂದಿನಿಂದ ಎಳೆದು ನೇರವಾಗುತ್ತದೆ.

ಇಷ್ಟಾದ ಮೇಲೆ ಒಮ್ಮೆ ಆಕ್ಸಲ್‌ಗಳನ್ನು ಬೇರೆಬೇರೆ ತೂಗುವ ವೇಬ್ರಿಡ್ಜ್‌ಗೆ ಹೋಗಿ, ಮೂರು ಸಲ ತೂಗಿಸಿ: ಎಲ್ಲರೂ ಕೂತ ಪಿಕಪ್ ಮಾತ್ರ, ಬಾರ್ ಹಾಕದೆ ಟ್ರೇಲರ್ ಜೊತೆ, ಬಾರ್ ಬಿಗಿದು ಟ್ರೇಲರ್ ಜೊತೆ. ಎರಡನೇ ಚೀಟಿಯಲ್ಲಿ ಪಿಕಪ್‌ನ ಎರಡು ಆಕ್ಸಲ್‌ಗಳ ಮೊತ್ತದಿಂದ ಮೊದಲ ಚೀಟಿಯ ಮೊತ್ತ ಕಳೆದರೆ ಮೂಕಿಯ ನಿಜವಾದ ಭಾರ ಸಿಗುತ್ತದೆ. ನಾನು ಇಲ್ಲಿ ಹಿಡಿದ 850 ಅಂದಾಜು. ಅದು 700 ಬಂದರೂ 950 ಬಂದರೂ ಮೇಲಿನ ಲೆಕ್ಕವನ್ನೆಲ್ಲ ತಿದ್ದಬೇಕಾಗುತ್ತದೆ, 930 ದಾಟಿದರಂತೂ ರಿಸೀವರ್‌ನ ಮಿತಿಯೇ ಮುಗಿಯಿತು. ಸಾದಾ ಬಾಲ್ ಮೌಂಟ್‌ನಲ್ಲಿ ತೂಗಲು ಹೋಗಬೇಡಿ, ಮೂಕಿಯ ಕೆಳಗಿಡುವ ಟಂಗ್ ಸ್ಕೇಲ್ ತಂದು ನಿಂತಲ್ಲೇ ಮೊದಲು ನೋಡಿಕೊಳ್ಳಿ, ಆಮೇಲೆ ಬಾರ್ ಆರಿಸಿ. ಆ ಅಂಕಿ ಸಿಕ್ಕ ದಿನ ನನಗೆ ಬರೆಯಿರಿ, ಹಿಚ್ ಆರ್ಡರ್ ಮಾಡುವ ಮೊದಲು.